‘ನಡೆಯೋದು, ಮಾತಾಡೋದು ಬರಲಿ, ಆಮೇಲೆ ಅಂಗನವಾಡಿಗೆ ಕಳಿಸಿ’: ಈ ಸಲಹೆ ಸರಿಯೇ?

ಮಕ್ಕಳ ಬೆಳವಣಿಗೆ ಬಗ್ಗೆ ಫ್ಯಾಮಿಲಿ ಗ್ರೂಪ್‌ಗಳಲ್ಲಿ ಓಡಾಡುವ ಫಾರ್ವರ್ಡ್‌ಗಳಲ್ಲಿ ಮುಖ್ಯವಾಗಿ ಎರಡು ಬಗೆ. ಒಂದು, ಬಣ್ಣಬಣ್ಣದ ಪಟ್ಟಿ. ಇಷ್ಟು ತಿಂಗಳಿಗೆ ಕುತ್ತಿಗೆ ನಿಲ್ಲಬೇಕು, ಇಷ್ಟಕ್ಕೆ ಕೂರಬೇಕು, ಇಷ್ಟಕ್ಕೆ ಅಂಬೆಗಾಲಿಡಬೇಕು. ಇಲ್ಲದಿದ್ದರೆ ನಿಮ್ಮ ಮಗು ಅಪಾಯದಲ್ಲಿದೆ, ಹತ್ತು ಜನಕ್ಕೆ ಕಳಿಸಿ ಎನ್ನುವಂಥದ್ದು. ಇನ್ನೊಂದು ಇದರ ತದ್ವಿರುದ್ಧ: ‘ನಮ್ಮ ಕಡೆ ಒಬ್ಬ ಹುಡುಗ ನಾಲ್ಕು ವರ್ಷದವರೆಗೆ ಮಾತೇ ಆಡಿರಲಿಲ್ಲ, ಈಗ ನೋಡಿ ಇಂಜಿನಿಯರ್. ಡಾಕ್ಟರ್ ಹತ್ತಿರ ಓಡಬೇಡಿ, ತಾನಾಗಿ ಬರುತ್ತೆ.’

ಒಂದು ಹೆದರಿಸುತ್ತದೆ, ಇನ್ನೊಂದು ಮಲಗಿಸುತ್ತದೆ. ಅಂಗವಿಕಲತೆ ಇರುವ ಪುಟ್ಟ ಮಗುವಿನ ಮನೆಯಲ್ಲಿ ಮಾತ್ರ ಎರಡರ ಫಲವೂ ಒಂದೇ ಆಗುತ್ತದೆ. ಹೆದರಿದವರು ‘ಇವಳ ಕೈಲಿ ಏನೂ ಆಗಲ್ಲ’ ಎಂದು ಮಗುವನ್ನು ಮನೆಯಲ್ಲಿ ಕೂರಿಸುತ್ತಾರೆ. ಸಮಾಧಾನಗೊಂಡವರು ‘ಎಲ್ಲ ಬಂದ ಮೇಲೆ ಕಳಿಸೋಣ’ ಎಂದು ಕೂರಿಸುತ್ತಾರೆ. 3ರಿಂದ 6 ವರ್ಷದ ನಡುವಿನ ಕಾಲ ಹಾಗೆಯೇ ಕಳೆದುಹೋಗುತ್ತದೆ.

ಚಿಕ್ಕ ಉತ್ತರ ಸಾಕು ಎನ್ನುವವರಿಗೆ ಇಲ್ಲೇ ಹೇಳಿಬಿಡುತ್ತೇವೆ. ಮೈಲಿಗಲ್ಲುಗಳ ಪಟ್ಟಿ ಇರುವುದು ಯಾವಾಗ ವೈದ್ಯರನ್ನು ಕೇಳಬೇಕು ಎಂದು ತಿಳಿಯಲಿಕ್ಕೆ. ಯಾವ ಮಗು ಅಂಗನವಾಡಿಗೆ ಅರ್ಹ ಎಂದು ತೀರ್ಮಾನಿಸಲಿಕ್ಕೆ ಅಲ್ಲ. ನಡೆಯಲು ಬರದ, ಮಾತು ಬರದ, ಚಡ್ಡಿಯಲ್ಲೇ ಮೂತ್ರ ಮಾಡಿಕೊಳ್ಳುವ 3 ವರ್ಷದ ಮಗುವೂ ಅಂಗನವಾಡಿಗೆ ಹೋಗಬಹುದು. ಕೆಲವು ಮೈಲಿಗಲ್ಲುಗಳನ್ನು ಅದು ಅಲ್ಲಿಯೇ ಮುಟ್ಟುತ್ತದೆ.

ಪಟ್ಟಿಯಲ್ಲಿರುವ ತಿಂಗಳು ಎಲ್ಲಿಂದ ಬಂತು?

‘ಒಂದು ವರ್ಷಕ್ಕೆ ನಡೆಯಬೇಕು’ ಎಂಬುದು ನಮ್ಮ ಮನೆಗಳಲ್ಲಿ ಎಲ್ಲರಿಗೂ ಬಾಯಿಪಾಠ. ವಿಶ್ವ ಆರೋಗ್ಯ ಸಂಸ್ಥೆ ಘಾನಾ, ಭಾರತ, ನಾರ್ವೆ, ಒಮಾನ್ ಮತ್ತು ಅಮೆರಿಕದ ಆರೋಗ್ಯವಂತ ಮಕ್ಕಳನ್ನು ತಿಂಗಳುಗಟ್ಟಲೆ ಗಮನಿಸಿ 2006ರಲ್ಲಿ ಪ್ರಕಟಿಸಿದ ಅಧ್ಯಯನ ಬೇರೆಯದನ್ನು ಹೇಳುತ್ತದೆ. ಯಾರ ಆಸರೆಯೂ ಇಲ್ಲದೆ ನಡೆಯುವ ವಯಸ್ಸು 8.2 ತಿಂಗಳಿಂದ 17.6 ತಿಂಗಳವರೆಗೆ ಹರಡಿತ್ತು. ಆಸರೆಯಿಲ್ಲದೆ ಕೂರುವುದು 3.8ರಿಂದ 9.2 ತಿಂಗಳು. ಅಂದರೆ ಪಕ್ಕದ ಮನೆ ಮಗು 10 ತಿಂಗಳಿಗೆ ನಡೆದು, ನಿಮ್ಮದು 16 ತಿಂಗಳಿಗೆ ನಡೆದರೂ ಇಬ್ಬರೂ ಸಾಮಾನ್ಯ ವ್ಯಾಪ್ತಿಯೊಳಗೇ ಇದ್ದಾರೆ. ಇನ್ನೊಂದು ಸ್ವಾರಸ್ಯದ ಸಂಗತಿ: ಆ ಅಧ್ಯಯನದಲ್ಲಿ ನೂರಕ್ಕೆ ಸುಮಾರು 4 ಮಕ್ಕಳು ಕೈ-ಮಂಡಿ ಊರಿ ಅಂಬೆಗಾಲಿಡಲೇ ಇಲ್ಲ. ತಳ ಎಳೆದುಕೊಂಡೋ, ನೇರವಾಗಿ ಎದ್ದು ನಿಂತೋ ಮುಂದಕ್ಕೆ ಹೋದರು.

2022ರಲ್ಲಿ ಅಮೆರಿಕದ ರೋಗ ನಿಯಂತ್ರಣ ಕೇಂದ್ರ ತನ್ನ ಪಟ್ಟಿಯನ್ನು ಪರಿಷ್ಕರಿಸಿತು. ಮೊದಲಿದ್ದ ಪಟ್ಟಿಯ ವಯಸ್ಸುಗಳು ಹೆಚ್ಚುಕಡಿಮೆ ಸರಾಸರಿ. ಅಂದರೆ ಅರ್ಧದಷ್ಟು ಮಕ್ಕಳು ಆ ಹೊತ್ತಿಗೆ ಅದನ್ನು ಮಾಡುತ್ತಿದ್ದರು, ಉಳಿದರ್ಧ ಮಾಡುತ್ತಿರಲಿಲ್ಲ. ಹೀಗಾಗಿ ಮಗು ಹಿಂದುಳಿದಿದೆ ಎಂದು ತಂದೆತಾಯಿ ಬಂದರೆ ‘ಇನ್ನೂ ನೋಡೋಣ’ ಎಂದು ಕಳಿಸುವುದು ಸಾಮಾನ್ಯವಾಗಿತ್ತು. ಹೊಸ ಪಟ್ಟಿಯಲ್ಲಿ ನೂರಕ್ಕೆ 75 ಮಕ್ಕಳಾದರೂ ಮಾಡಬಲ್ಲ ವಯಸ್ಸನ್ನು ಹಾಕಿದರು. ಅಂಬೆಗಾಲನ್ನು ಪಟ್ಟಿಯಿಂದಲೇ ತೆಗೆದರು. ವಾಟ್ಸ್ಆ್ಯಪ್‌ನಲ್ಲಿ ಸುತ್ತುವ ಅನೇಕ ಚಾರ್ಟ್‌ಗಳಲ್ಲಿ ಹಳೆಯ ಸರಾಸರಿಯೇ ‘ಕೊನೆಯ ದಿನಾಂಕ’ದ ವೇಷ ಹಾಕಿಕೊಂಡಿದೆ.

ತಿಂಗಳು ತುಂಬುವ ಮೊದಲೇ ಹುಟ್ಟಿದ ಮಗುವಿಗೆ ಲೆಕ್ಕವೇ ಬೇರೆ. ಎರಡು ತಿಂಗಳು ಮೊದಲೇ ಹುಟ್ಟಿದ ಮಗುವಿಗೆ ಈಗ 10 ತಿಂಗಳಾಗಿದ್ದರೆ, ಪಟ್ಟಿಯಲ್ಲಿ 8 ತಿಂಗಳ ಸಾಲನ್ನು ನೋಡಬೇಕು. ಸಾಮಾನ್ಯವಾಗಿ ಎರಡು ವರ್ಷದವರೆಗೆ ವೈದ್ಯರು ಹೀಗೇ ಕಳೆದು ಲೆಕ್ಕ ಹಾಕುತ್ತಾರೆ. ಈ ಒಂದು ಸಾಲು ಯಾವ ಫಾರ್ವರ್ಡ್‌ನಲ್ಲೂ ನಮಗೆ ಕಂಡಿಲ್ಲ.

ಹಾಗಾದರೆ ಕಾಯುವುದು ಸರಿ ಅಲ್ಲವೇ?

ಅಲ್ಲ. ವ್ಯಾಪ್ತಿ ದೊಡ್ಡದು ಎಂದ ಮಾತ್ರಕ್ಕೆ ಅದಕ್ಕೆ ಅಂಚೇ ಇಲ್ಲ ಎಂದಲ್ಲ. 18 ತಿಂಗಳಾದರೂ ನಡೆಯದಿದ್ದರೆ, ಒಂದು ವರ್ಷವಾದರೂ ಹೆಸರು ಕರೆದಾಗ ತಿರುಗದಿದ್ದರೆ, ಒಂದೂವರೆ ವರ್ಷಕ್ಕೆ ಒಂದು ಪದವೂ ಇಲ್ಲದಿದ್ದರೆ, ಎರಡು ವರ್ಷಕ್ಕೆ ‘ಹಾಲು ಕೊಡು’, ‘ಅಪ್ಪ ಬಾ’ ಎಂಬಂಥ ಎರಡು ಪದ ಕೂಡಿಸದಿದ್ದರೆ ಮಕ್ಕಳ ವೈದ್ಯರಿಗೆ ತೋರಿಸಬೇಕು. ಬಂದಿದ್ದ ಮಾತೋ ನಡಿಗೆಯೋ ಹೊರಟುಹೋದರೆ ವಯಸ್ಸು ಎಷ್ಟೇ ಆಗಿರಲಿ, ಒಂದು ವಾರವೂ ತಡ ಮಾಡಬಾರದು.

ಮನೆಯವರ ಕಣ್ಣಿಗೆ ಸುಲಭವಾಗಿ ತಪ್ಪುವ ಚಿಹ್ನೆ ಒಂದಿದೆ. ಒಂದು ವರ್ಷ ತುಂಬುವ ಮೊದಲೇ ಮಗು ಎಲ್ಲದಕ್ಕೂ ಒಂದೇ ಕೈ ಚಾಚುತ್ತಿದ್ದರೆ ‘ಎಡಚ ಆಗ್ತಾನೆ ನೋಡು’ ಎಂದು ನಕ್ಕು ಸುಮ್ಮನಾಗುತ್ತೇವೆ. ಆ ವಯಸ್ಸಿನಲ್ಲಿ ಮಕ್ಕಳು ಸಾಮಾನ್ಯವಾಗಿ ಎರಡೂ ಕೈ ಬಳಸುತ್ತವೆ. ಒಂದೇ ಕೈ ಮುಂದೆ ಬರುತ್ತಿದ್ದರೆ ಇನ್ನೊಂದು ಕೈಯಲ್ಲಿ ಬಲ ಕಡಿಮೆ ಇದೆಯೇ ಎಂದು ನೋಡಿಸಬೇಕು. ಸೆರೆಬ್ರಲ್ ಪಾಲ್ಸಿ ಕೆಲವೊಮ್ಮೆ ಮೊದಲು ಕಾಣುವುದು ಹೀಗೆಯೇ.

ಮಾತು ತಡವಾದ ಯಾವ ಮಗುವಿಗೂ ಮೊದಲು ಆಗಬೇಕಾದ್ದು ಶ್ರವಣ ಪರೀಕ್ಷೆ. ‘ಬಾಗಿಲು ಬಡಿದರೆ ಬೆಚ್ಚುತ್ತಾನೆ, ಕಿವಿ ಚೆನ್ನಾಗಿದೆ’ ಎನ್ನುವ ಮನೆ ಪರೀಕ್ಷೆ ಸಾಲದು. ಭಾರಿ ಸದ್ದು ಕೇಳಿಸಿ, ಮಾತಿನ ಸಣ್ಣ ಸದ್ದು ಕೇಳಿಸದಿರುವುದು ಸಾಧ್ಯ. ಪೂರ್ತಿ ಕಿವುಡಿರುವ ಮಗುವೂ ಮೊದಲ ತಿಂಗಳುಗಳಲ್ಲಿ ‘ಊಂ, ಆ’ ಎಂದು ಸದ್ದು ಮಾಡುತ್ತದೆ, ಹಾಗಾಗಿ ಯಾರಿಗೂ ಅನುಮಾನ ಬರುವುದಿಲ್ಲ. ಜಗತ್ತಿನಾದ್ಯಂತ ತಜ್ಞರು ಇಟ್ಟುಕೊಂಡಿರುವ ಗುರಿ ಸರಳವಾಗಿದೆ: 1 ತಿಂಗಳೊಳಗೆ ತಪಾಸಣೆ, 3 ತಿಂಗಳೊಳಗೆ ಖಚಿತ ಪರೀಕ್ಷೆ, 6 ತಿಂಗಳೊಳಗೆ ಶ್ರವಣ ಸಾಧನ ಮತ್ತು ತರಬೇತಿ. ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965ರಿಂದ ಇರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಈ ವಿಷಯದಲ್ಲಿ ದೇಶಕ್ಕೇ ಹೆಸರಾದದ್ದು. ದೂರದ ಜಿಲ್ಲೆಯವರು ಮೊದಲು ತಮ್ಮ ಜಿಲ್ಲಾಸ್ಪತ್ರೆಯಲ್ಲಿ ವಿಚಾರಿಸಬಹುದು.

‘ಗಂಡು ಮಕ್ಕಳಿಗೆ ಮಾತು ತಡ’ ಎಂಬುದರಲ್ಲಿ ಸ್ವಲ್ಪ ನಿಜವಿದೆ. ಆ ವ್ಯತ್ಯಾಸ ಕೆಲವೇ ತಿಂಗಳಿನದು. ಮೂರು ವರ್ಷವಾದರೂ ಮಾತಿಲ್ಲ ಎನ್ನುವುದಕ್ಕೆ ಅದು ಉತ್ತರವಲ್ಲ. ‘ಮನೆಯಲ್ಲಿ ತುಳು, ಹೊರಗೆ ಕನ್ನಡ, ಅದಕ್ಕೇ ಗೊಂದಲ’ ಎಂಬುದರಲ್ಲಿ ಅಷ್ಟೂ ನಿಜವಿಲ್ಲ. ಎರಡು ಭಾಷೆ ಕೇಳುವುದರಿಂದ ಮಾತು ತಡವಾಗುವುದಿಲ್ಲ. ಅಂಗವಿಕಲತೆ ಇರುವ ಮಗುವಿಗೂ ಮನೆ ಮಾತನ್ನು ಬಿಡಿಸಬೇಕಾಗಿಲ್ಲ.

ಜೊತೆಗೆ ಬರುವ ‘ಔಷಧಿ’ಗಳು

ಬಜೆ ಬೇರು ತೇಯ್ದು ನಾಲಿಗೆಗೆ ಸವರಿದರೆ ಮಾತು ಬೇಗ ಬರುತ್ತದೆ ಎಂಬುದು ನಮ್ಮಲ್ಲಿ ಹಳೆಯ ನಂಬಿಕೆ. ಇದರಿಂದ ಮಾತು ಬರುತ್ತದೆ ಎಂಬುದಕ್ಕೆ ವೈದ್ಯಕೀಯ ಆಧಾರವಿಲ್ಲ. ಜೇನಿನಲ್ಲಿ ತೇಯ್ದು ಕೊಡುವುದಂತೂ ಒಂದು ವರ್ಷದೊಳಗಿನ ಮಗುವಿಗೆ ಅಪಾಯ. ಜೇನಿನಲ್ಲಿ ಇರಬಹುದಾದ ಒಂದು ಬ್ಯಾಕ್ಟೀರಿಯಾ ಎಳೆ ಮಗುವಿನ ಕರುಳಲ್ಲಿ ಬೆಳೆದು ಸ್ನಾಯುಗಳನ್ನೇ ಸೋಲಿಸಬಲ್ಲದು. ಚಕ್ರದ ವಾಕರ್‌ನಲ್ಲಿ ಕೂರಿಸಿದರೆ ಬೇಗ ನಡೆಯುತ್ತಾರೆ ಎಂಬುದೂ ಸುಳ್ಳು. ಅದರಲ್ಲಿ ಮಗು ಕಾಲ್ಬೆರಳಲ್ಲಿ ನೂಕುತ್ತದೆಯೇ ಹೊರತು ಮೈ ತೂಗಿಸಿ ನಿಲ್ಲುವುದನ್ನು ಕಲಿಯುವುದಿಲ್ಲ. ಮೆಟ್ಟಿಲಿಂದ ಉರುಳಿ ಆಗುವ ಗಾಯಗಳ ಕಾರಣಕ್ಕೆ ಕೆನಡಾ ದೇಶ 2004ರಲ್ಲೇ ಇವುಗಳ ಮಾರಾಟವನ್ನು ನಿಷೇಧಿಸಿತು.

ಲಸಿಕೆಯಿಂದ ಆಟಿಸಂ ಬರುತ್ತದೆ ಎಂಬ ಸಂದೇಶದ ಮೂಲ 1998ರ ಒಂದು ಪ್ರಬಂಧ. ಪ್ರಕಟಿಸಿದ್ದ ಲ್ಯಾನ್ಸೆಟ್ ಪತ್ರಿಕೆಯೇ 2010ರಲ್ಲಿ ಅದನ್ನು ಹಿಂತೆಗೆದುಕೊಂಡಿತು, ಬರೆದ ಆ್ಯಂಡ್ರೂ ವೇಕ್‌ಫೀಲ್ಡ್ ಬ್ರಿಟನ್‌ನ ವೈದ್ಯರ ಪಟ್ಟಿಯಿಂದಲೇ ಹೊರಬಿದ್ದರು. ಹೆಚ್ಚು ದುಬಾರಿಯಾಗುವ ಸುಳ್ಳು ಬೇರೆಯೇ ಇದೆ: ಆಟಿಸಂಗೆ ಸ್ಟೆಮ್ ಸೆಲ್ ಚಿಕಿತ್ಸೆ. ನಮ್ಮ ದೇಶದ ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲೇ ಇದನ್ನು ಚಿಕಿತ್ಸೆಯಾಗಿ ಶಿಫಾರಸು ಮಾಡುವುದಿಲ್ಲ ಎಂದಿದೆ, ಇದಕ್ಕೆ ಪ್ರಚಾರ ಕೊಡುವುದು ವೃತ್ತಿಯ ದುರ್ನಡತೆ ಎಂದೂ ಹೇಳಿದೆ. ಜಮೀನು ಅಡವಿಟ್ಟು ಇಂಥದ್ದಕ್ಕೆ ಹಣ ಸುರಿಯುವ ಮುನ್ನ ಈ ಒಂದು ಸಾಲನ್ನಾದರೂ ಯಾರಾದರೂ ಫಾರ್ವರ್ಡ್ ಮಾಡಲಿ ಎಂಬುದು ನಮ್ಮ ಆಸೆ.

ಅಂಗನವಾಡಿಯಲ್ಲಿ ಆಗುವುದೇನು?

ಮೂರೂವರೆ ವರ್ಷದ, ಡೌನ್ ಸಿಂಡ್ರೋಮ್ ಇರುವ ಒಬ್ಬ ಹುಡುಗಿಯನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ಡೌನ್ ಸಿಂಡ್ರೋಮ್ ಅಂದರೆ ಜೀವಕೋಶಗಳಲ್ಲಿ 21ನೇ ಕ್ರೋಮೋಸೋಮ್ ಎರಡರ ಬದಲು ಮೂರು ಇರುವುದು. 1959ರಲ್ಲಿ ಪತ್ತೆಯಾದ ಸಂಗತಿ ಇದು. ಗ್ರಹಣ ನೋಡಿದ್ದಕ್ಕೂ, ತಾಯಿ ತಿಂದದ್ದಕ್ಕೂ, ಯಾರ ಶಾಪಕ್ಕೂ ಇದಕ್ಕೂ ಸಂಬಂಧವಿಲ್ಲ. ಈ ಮಕ್ಕಳ ಮೈ ಹುಟ್ಟಿನಿಂದಲೇ ಸ್ವಲ್ಪ ಸಡಿಲ, ಕೀಲುಗಳು ಹೆಚ್ಚು ಬಾಗುತ್ತವೆ. ಹಾಗಾಗಿ ಕೂರುವುದು, ನಡೆಯುವುದು ತಡ. ಸರಾಸರಿ ಎರಡು ವರ್ಷದ ಹೊತ್ತಿಗೆ ನಡೆಯುತ್ತಾರೆ, ಕೆಲವರಿಗೆ ಮೂರು ದಾಟುತ್ತದೆ. ತಡವಾದರೂ ಹೆಚ್ಚಿನವರು ನಡೆಯುತ್ತಾರೆ. ಮಾತಿನ ವಿಷಯದಲ್ಲಿ ಒಂದು ಮುಖ್ಯ ಗುಟ್ಟಿದೆ: ಇವರು ಆಡುವುದಕ್ಕಿಂತ ಅರ್ಥ ಮಾಡಿಕೊಳ್ಳುವುದು ಹೆಚ್ಚು, ಕೇಳಿ ಕಲಿಯುವುದಕ್ಕಿಂತ ನೋಡಿ ಕಲಿಯುವುದು ಸುಲಭ.

ನಮ್ಮ ಹುಡುಗಿ ಈಗ ಗೋಡೆ ಹಿಡಿದು ನಡೆಯುತ್ತಾಳೆ. ‘ಅಮ್ಮ’, ‘ಬಾ’, ‘ತಾ’ ಮೂರೇ ಮಾತು. ಅಜ್ಜಿಯೇ ತುತ್ತು ಕೊಡುತ್ತಾರೆ. ಅವಳನ್ನು ಅಂಗನವಾಡಿಗೆ ಕಳಿಸಿ ಏನು ಉಪಯೋಗ ಎಂದು ಮನೆಯವರು ಕೇಳಿದರೆ ಅದು ಸಹಜ. ಮನೆಯಲ್ಲಿ ಅವಳು ಕೈ ಚಾಚುವ ಮೊದಲೇ ಲೋಟ ಬಾಯಿಗೆ ಬರುತ್ತದೆ ಎಂಬುದೇ ಅದಕ್ಕೆ ಉತ್ತರ. ಅದು ಪ್ರೀತಿಯೇ. ಆದರೆ ಕೇಳುವ ಅಗತ್ಯವೇ ಬೀಳದ ಮಗುವಿಗೆ ಕೇಳುವುದನ್ನು ಕಲಿಯಲು ಕಾರಣವೂ ಇರುವುದಿಲ್ಲ. ಅಂಗನವಾಡಿಯಲ್ಲಿ ಹಾಲಿಗೆ ಲೋಟ ಹಿಡಿದು ನಿಂತ ಹತ್ತು ಮಕ್ಕಳ ಸಾಲನ್ನು ಅವಳು ನೋಡುತ್ತಾಳೆ. ಎರಡು ವಾರ ನೋಡುತ್ತಾಳೆ, ಮೂರನೇ ವಾರ ತಾನೂ ಲೋಟ ಮುಂದೆ ಮಾಡಬಹುದು. ನೋಡಿ ಕಲಿಯುವ ಮಗುವಿಗೆ ನೋಡಲು ತನ್ನದೇ ವಯಸ್ಸಿನ ಮಕ್ಕಳು ಬೇಕು. ಇದನ್ನು ಯಾವ ಥೆರಪಿ ಕೋಣೆಯೂ ಒದಗಿಸಲಾರದು.

ಸುಮ್ಮನೆ ಕರೆದೊಯ್ದು ಬಿಟ್ಟುಬಂದರೆ ಇದು ಆಗುವುದಿಲ್ಲ. ಮೂಲೆಯಲ್ಲಿ ಕೂತು ಬರುವುದಕ್ಕೆ ಮನೆಯೇ ಸಾಕು. ಸಣ್ಣ ಸಣ್ಣ ಬದಲಾವಣೆ ಬೇಕು, ಹೆಚ್ಚಿನವಕ್ಕೆ ಹಣ ಬೇಕಿಲ್ಲ.

ಮೊದಲು ಕೂರುವ ವಿಚಾರ. ಬೆನ್ನು, ಸೊಂಟ ಅಲ್ಲಾಡುತ್ತಿದ್ದರೆ ಮಗುವಿನ ಎರಡೂ ಕೈ ನೆಲ ಊರುವುದಕ್ಕೇ ಖರ್ಚಾಗುತ್ತವೆ, ಆಟದ ಸಾಮಾನು ಹಿಡಿಯಲು ಕೈ ಉಳಿಯುವುದಿಲ್ಲ. ಎರಡು ಗೋಡೆ ಕೂಡುವ ಮೂಲೆಗೆ ಬೆನ್ನು ಕೊಟ್ಟು ಕೂರಿಸಿ, ಅಕ್ಕಪಕ್ಕ ಮಡಿಸಿದ ಚಾದರ ಇಟ್ಟರೆ ಎರಡೂ ಕಡೆ ಆಸರೆ ಸಿಗುತ್ತದೆ. ಸೆರೆಬ್ರಲ್ ಪಾಲ್ಸಿ ಇರುವ ಮಕ್ಕಳಿಗೆ ಮರದ ‘ಕಾರ್ನರ್ ಚೇರ್’ ಮಾಡಿಸುವುದು ಇದೇ ತತ್ವದ ಮೇಲೆ. ಮೂಲೆಗೆ ಕೂರಿಸಿದಾಗ ಉಳಿದ ಮಕ್ಕಳು ಅವಳ ಮುಂದೆ ಅರ್ಧ ವೃತ್ತದಲ್ಲಿ ಕೂರುವಂತೆ ನೋಡಿಕೊಳ್ಳಬೇಕು, ಇಲ್ಲದಿದ್ದರೆ ಆಸರೆಯ ಮೂಲೆ ಬೇರ್ಪಡಿಸುವ ಮೂಲೆಯಾಗಿಬಿಡುತ್ತದೆ.

ಚಮಚ ಹಿಡಿಯಲು ಬರದಿದ್ದರೆ ಅದರ ಹಿಡಿಗೆ ಬಟ್ಟೆಯನ್ನೋ ಸೈಕಲ್ ಟ್ಯೂಬಿನ ತುಂಡನ್ನೋ ಸುತ್ತಿ ದಪ್ಪ ಮಾಡಬಹುದು. ಬಳಪವೂ ದಪ್ಪದ್ದಾದರೆ ಒಳ್ಳೆಯದು. ಕೈ ತೊಳೆಯುವುದನ್ನು ಒಂದೇ ಕೆಲಸ ಎಂದು ಕಲಿಸದೆ ಬಿಡಿಸಬೇಕು: ನಲ್ಲಿಯ ಹತ್ತಿರ ಹೋಗು, ಕೈ ಒದ್ದೆ ಮಾಡು, ಸೋಪು ಉಜ್ಜು, ನೀರು ಹಾಕು, ಒರೆಸು. ಮೊದಲ ನಾಲ್ಕನ್ನು ಟೀಚರ್ ಕೈ ಹಿಡಿದು ಮಾಡಿಸಿ ಒರೆಸುವುದನ್ನು ಮಾತ್ರ ಮಗುವಿಗೆ ಬಿಡುವುದು, ಅದು ಬಂದ ಮೇಲೆ ನೀರು ಹಾಕುವುದನ್ನೂ ಬಿಡುವುದು. ಕೊನೆಯ ಹೆಜ್ಜೆಯಿಂದ ಹಿಂದಕ್ಕೆ ಬರುವ ಈ ಕ್ರಮದಲ್ಲಿ ಪ್ರತಿ ಸಲವೂ ಕೆಲಸ ಮುಗಿಸಿದವಳು ಅವಳೇ ಆಗಿರುತ್ತಾಳೆ. ಚಡ್ಡಿ ಹಾಕಿಕೊಳ್ಳುವುದು, ಚಪ್ಪಲಿ ಬಿಡುವುದು, ಮೂತ್ರಕ್ಕೆ ಹೋಗುವುದು ಎಲ್ಲಕ್ಕೂ ಇದೇ ಉಪಾಯ.

ಮಾತಿಗೆ ಬಂದರೆ, ‘ಸನ್ನೆ ಕಲಿಸಬೇಡಿ, ಮಾತು ನಿಂತುಹೋಗುತ್ತೆ’ ಎಂಬ ಭಯ ತುಂಬ ಮನೆಗಳಲ್ಲಿದೆ. ವಾಸ್ತವ ಬೇರೆ. ಸನ್ನೆ ಮತ್ತು ಚಿತ್ರಗಳು ಮಾತನ್ನು ತಡೆಯುವುದಿಲ್ಲ. ಹೇಳಿದ್ದು ಇನ್ನೊಬ್ಬರಿಗೆ ತಿಳಿಯಿತು ಎಂಬ ರುಚಿ ಸಿಕ್ಕ ಮೇಲೆ ಮಗು ಮಾತಿಗೂ ಹೆಚ್ಚು ಪ್ರಯತ್ನಿಸುತ್ತದೆ. ನೀರು, ಹಾಲು, ಸಾಕು, ಇನ್ನೂ ಬೇಕು, ಮೂತ್ರ ಎಂಬ ಐದು ಸನ್ನೆಯಿಂದ ಶುರು ಮಾಡಿದರೆ ಸಾಕು. ಅಂಗನವಾಡಿಯಲ್ಲೂ ಮನೆಯಲ್ಲೂ ಅದೇ ಸನ್ನೆ ಇರಬೇಕು ಎಂಬುದೊಂದೇ ಷರತ್ತು. ಅಂಗನವಾಡಿಗಳಲ್ಲಿ ಮೊದಲಿಂದ ಇರುವ ಅಭಿನಯ ಗೀತೆಗಳು ಇದಕ್ಕೆ ಹೇಳಿ ಮಾಡಿಸಿದ ಹಾಗಿವೆ. ಹಾಡಲು ಬರದ ಮಗುವೂ ಕೈ ತಿರುಗಿಸಿ ಗುಂಪಿನಲ್ಲಿ ಪಾಲುಗೊಳ್ಳುತ್ತದೆ.

ಡೌನ್ ಸಿಂಡ್ರೋಮ್ ಇರುವ ಮಗುವಿನ ಬಗ್ಗೆ ಟೀಚರ್‌ಗೆ ಮೊದಲೇ ತಿಳಿಸಬೇಕಾದ ಮೂರು ಸಂಗತಿಗಳಿವೆ. ಸುಮಾರು ಅರ್ಧದಷ್ಟು ಮಕ್ಕಳಲ್ಲಿ ಹುಟ್ಟಿನಿಂದ ಹೃದಯದ ತೊಂದರೆ ಇರುತ್ತದೆ. ಪರೀಕ್ಷೆ ಆಗಿದೆಯೇ, ಓಡಾಟಕ್ಕೆ ಮಿತಿ ಇದೆಯೇ ಎಂಬುದು ಗೊತ್ತಿರಬೇಕು. ಕಿವಿಯೊಳಗೆ ನೀರು ತುಂಬಿ ಕೇಳಿಸುವುದು ಕಡಿಮೆಯಾಗುವುದು ಇವರಲ್ಲಿ ಸಾಮಾನ್ಯ, ಹಾಗಾಗಿ ‘ಹೇಳಿದ್ದು ಕೇಳಲ್ಲ, ಹಟ’ ಎನ್ನುವ ಮೊದಲು ಕಿವಿ ನೋಡಿಸಬೇಕು. ಮೂರನೆಯದು ಕುತ್ತಿಗೆ. ಕೆಲವರಲ್ಲಿ ಕುತ್ತಿಗೆಯ ಮೇಲಿನ ಕೀಲು ಸಡಿಲ ಇರುವುದರಿಂದ ವೈದ್ಯರು ಒಪ್ಪುವವರೆಗೆ ಲಾಗ ಹಾಕಿಸುವುದು, ತಲೆಕೆಳಗಾಗಿ ಹಿಡಿದು ಆಡಿಸುವುದು ಬೇಡ.

ಇದೆಲ್ಲ ಕಾಗದದ ಮೇಲೆ ಸುಲಭ. ಒಬ್ಬ ಕಾರ್ಯಕರ್ತೆ, ಒಬ್ಬ ಸಹಾಯಕಿ. ಮೊಟ್ಟೆ, ಹಾಲು, ಊಟ, ತೂಕ, ಮೊಬೈಲ್‌ನಲ್ಲಿ ದಾಖಲೆ, ಮನೆ ಭೇಟಿ, ಮಧ್ಯೆ ಯಾವುದಾದರೂ ಸಮೀಕ್ಷೆ. ಅವರ ಮೇಲೆ ಇನ್ನೊಂದು ಹೊರೆ ಹಾಕಿ ‘ಒಳಗೊಳ್ಳುವ ಶಿಕ್ಷಣ’ ಎಂದು ಹೆಸರಿಟ್ಟರೆ ಸಾಲದು ಎಂಬ ದೂರಿನಲ್ಲಿ ನ್ಯಾಯವಿದೆ. ಮೊದಲ ಕೆಲವು ವಾರ ತಾಯಿಯೋ ಅಜ್ಜಿಯೋ ಅರ್ಧ ಗಂಟೆ ಜೊತೆಗಿದ್ದು, ಮಗುವಿನ ಸನ್ನೆ, ಊಟದ ಕ್ರಮ ತೋರಿಸಿಕೊಟ್ಟರೆ ಇಬ್ಬರಿಗೂ ಹಗುರ. ಆದರೆ ‘ತಾಯಿ ಇಡೀ ದಿನ ಕೂತರೆ ಮಾತ್ರ ಸೇರಿಸಿಕೊಳ್ಳುತ್ತೇವೆ’ ಎಂಬುದನ್ನು ಷರತ್ತಾಗಿ ಹಾಕುವುದು ಸರಿಯಲ್ಲ.

ಫಿಟ್ಸ್ ಬಂದರೆ?

ಮಗುವನ್ನು ಸೇರಿಸಿಕೊಳ್ಳಲು ಹಿಂಜರಿಯುವ ದೊಡ್ಡ ಕಾರಣ ಇದು. ಸೆರೆಬ್ರಲ್ ಪಾಲ್ಸಿ ಇರುವ ಮಕ್ಕಳಲ್ಲಿ ಫಿಟ್ಸ್ ಇರುವುದು ಅಪರೂಪವಲ್ಲ. ಕೈಗೆ ಬೀಗದ ಕೈ ಕೊಡುವುದು, ಈರುಳ್ಳಿ ಅಥವಾ ಚಪ್ಪಲಿ ಮೂಸಿಸುವುದು, ಹಲ್ಲಿನ ನಡುವೆ ಚಮಚ ತುರುಕುವುದು ಯಾವುದರಿಂದಲೂ ಫಿಟ್ಸ್ ನಿಲ್ಲುವುದಿಲ್ಲ. ಹೆಚ್ಚಿನ ಫಿಟ್ಸ್ ಒಂದೆರಡು ನಿಮಿಷದಲ್ಲಿ ತಾನಾಗಿ ನಿಲ್ಲುತ್ತದೆ, ಅದಕ್ಕೇ ಕಬ್ಬಿಣಕ್ಕೆ ಹೆಸರು ಬಂದಿದೆ. ಮಾಡಬೇಕಾದ್ದು ಇಷ್ಟು: ಸುತ್ತ ಇರುವ ಗಟ್ಟಿ ಸಾಮಾನು ಸರಿಸಿ, ಮಗುವನ್ನು ಒಂದು ಮಗ್ಗುಲಿಗೆ ಮಲಗಿಸಿ, ತಲೆಯ ಕೆಳಗೆ ಮೆತ್ತಗಿನದೇನಾದರೂ ಇಡಿ, ಗಡಿಯಾರ ನೋಡಿ. ಬಾಯಿಗೆ ಏನೂ ಹಾಕಬೇಡಿ, ನೀರು ಕೂಡ. 5 ನಿಮಿಷ ದಾಟಿದರೆ, ಮತ್ತೆ ಮತ್ತೆ ಬಂದರೆ 108ಕ್ಕೆ ಕರೆ ಮಾಡಿ. ಮಗುವಿನ ಮಾತ್ರೆಯ ಹೆಸರು, ಮನೆಯವರ ನಂಬರ್ ಅಂಗನವಾಡಿಯ ಗೋಡೆಯ ಮೇಲೇ ಬರೆದಿಟ್ಟರೆ ಗಾಬರಿಯ ಹೊತ್ತಿಗೆ ಹುಡುಕಬೇಕಾಗಿಲ್ಲ.

ನುಂಗಲು ಕಷ್ಟಪಡುವ ಮಗುವಿಗೆ ಮಲಗಿಸಿ ತಿನ್ನಿಸಬಾರದು. ನೆಟ್ಟಗೆ ಕೂರಿಸಿ, ಗದ್ದ ಸ್ವಲ್ಪ ಕೆಳಗಿರುವಂತೆ, ಸಣ್ಣ ಸಣ್ಣ ತುತ್ತು. ಮೊಟ್ಟೆ ಕಿವುಚಿ ಕೊಡಿ, ಇಡೀ ಶೇಂಗಾ ಮತ್ತು ಚಿಕ್ಕಿ ತುಂಡು ಬೇಡ.

ಸರ್ಕಾರದ ಕಡೆಯಿಂದ ಏನಿದೆ?

ಅಂಗನವಾಡಿ ವ್ಯವಸ್ಥೆ ಶುರುವಾದದ್ದು 1975ರ ಅಕ್ಟೋಬರ್ 2ರಂದು. ಆಗ ಕರ್ನಾಟಕದಲ್ಲಿ ಆಯ್ಕೆಯಾದದ್ದು ಮೈಸೂರು ಜಿಲ್ಲೆಯ ಟಿ. ನರಸೀಪುರ. ಈಗ ರಾಜ್ಯದಲ್ಲಿ 65 ಸಾವಿರಕ್ಕೂ ಹೆಚ್ಚು ಅಂಗನವಾಡಿಗಳಿವೆ. ಪ್ರತಿ ಊರಿಗೂ ವಿಶೇಷ ಶಾಲೆ ಬರುವುದು ಕನಸಿನ ಮಾತು, ಅಂಗನವಾಡಿ ಮಾತ್ರ ಆಗಲೇ ಇದೆ. 2023ರ ನವೆಂಬರ್‌ನಲ್ಲಿ ಕೇಂದ್ರ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ ದಿವ್ಯಾಂಗ ಮಕ್ಕಳಿಗಾಗಿಯೇ ‘ಅಂಗನವಾಡಿ ಪ್ರೋಟೋಕಾಲ್’ ಹೊರಡಿಸಿತು. ಬೆಳವಣಿಗೆಯ ಕುಂಠಿತವನ್ನು ಬೇಗ ಗುರುತಿಸುವುದು, ಮಗುವನ್ನು ಅಂಗನವಾಡಿಯಲ್ಲೇ ಒಳಗೊಳ್ಳುವುದು, ಆಶಾ ಮತ್ತು ಆರೋಗ್ಯ ತಂಡಗಳ ಮೂಲಕ ಮುಂದಿನ ಚಿಕಿತ್ಸೆಗೆ ಕಳಿಸುವುದು ಅದರ ತಿರುಳು. ‘ಇಂಥ ಮಕ್ಕಳಿಗೆ ನಮ್ಮಲ್ಲಿ ಅವಕಾಶ ಇಲ್ಲ’ ಎಂದು ಯಾರಾದರೂ ಹೇಳಿದರೆ ಈ ಪ್ರೋಟೋಕಾಲ್‌ನ ಹೆಸರು ಹೇಳಿ.

2013ರಿಂದ ನಡೆಯುತ್ತಿರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯ ತಂಡ ವರ್ಷಕ್ಕೆ ಎರಡು ಸಲ ಅಂಗನವಾಡಿಗೆ ಬರಬೇಕು. ಯಾವ ದಿನ ಬರುತ್ತಾರೆ ಎಂದು ಕೇಳಿಟ್ಟುಕೊಳ್ಳಿ. ಅಂದು ಜಾತ್ರೆ ಇದ್ದರೂ ಮಗುವನ್ನು ಕರೆದೊಯ್ಯಿರಿ. ತೊಂದರೆ ಕಂಡರೆ ಅವರು ಜಿಲ್ಲಾ ಮಟ್ಟದ ಶೀಘ್ರ ಮಧ್ಯಸ್ಥಿಕೆ ಕೇಂದ್ರಕ್ಕೆ ಕಳಿಸುತ್ತಾರೆ. ಮಕ್ಕಳ ವೈದ್ಯರು, ಫಿಸಿಯೋಥೆರಪಿ, ಮಾತಿನ ತರಬೇತಿ, ಶ್ರವಣ ಪರೀಕ್ಷೆ ಒಂದೇ ಸೂರಿನಡಿ ಸಿಗಬೇಕಾದ ಜಾಗ ಅದು. ಹುದ್ದೆಗಳೆಲ್ಲ ಭರ್ತಿ ಇರುತ್ತವೆ ಎಂದು ನಾವು ಹೇಳಲಾರೆವು, ಹೋಗುವ ಮೊದಲು ಫೋನ್ ಮಾಡಿ ವಿಚಾರಿಸುವುದು ಜಾಣತನ. ನಿಮ್ಮ ಬಳಿ ಇರುವ ತಾಯಿ ಕಾರ್ಡ್‌ನಲ್ಲೂ ಬೆಳವಣಿಗೆಯ ಪಟ್ಟಿ ಇದೆ. ಚುಚ್ಚುಮದ್ದಿನ ಪುಟ ಬಿಟ್ಟು ಉಳಿದ ಪುಟ ತೆರೆದವರು ಕಡಿಮೆ.

ಕಾನೂನಿನ ಬಗ್ಗೆಯೂ ಅರ್ಧಂಬರ್ಧ ಫಾರ್ವರ್ಡ್‌ಗಳಿವೆ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವಿಕಲತೆಗಳನ್ನು ಗುರುತಿಸುತ್ತದೆ. ಶೇ. 40 ಅಥವಾ ಹೆಚ್ಚಿನ ಅಂಗವಿಕಲತೆ ಇರುವ 6ರಿಂದ 18 ವರ್ಷದ ಮಕ್ಕಳಿಗೆ ಹತ್ತಿರದ ಶಾಲೆಯಲ್ಲಾಗಲಿ, ತಾವು ಬಯಸಿದ ವಿಶೇಷ ಶಾಲೆಯಲ್ಲಾಗಲಿ ಉಚಿತ ಶಿಕ್ಷಣದ ಹಕ್ಕು ಕೊಡುತ್ತದೆ. ಆ ಹಕ್ಕು ಶುರುವಾಗುವುದೇ 6ರಿಂದ ಎಂಬುದನ್ನು ಗಮನಿಸಿ. ಅದಕ್ಕೂ ಮೊದಲಿನ ಮೂರು ವರ್ಷಕ್ಕೆ ಇಷ್ಟು ನೇರವಾದ ಭರವಸೆ ಅದರಲ್ಲಿಲ್ಲ. ಆದರೆ 2013ರ ಆಹಾರ ಭದ್ರತಾ ಕಾಯ್ದೆ 6 ತಿಂಗಳಿಂದ 6 ವರ್ಷದ ಪ್ರತಿ ಮಗುವಿಗೂ ಅಂಗನವಾಡಿಯ ಪೌಷ್ಟಿಕ ಆಹಾರದ ಹಕ್ಕು ಕೊಟ್ಟಿದೆ, ಅಂಗವಿಕಲತೆಯ ಕಾರಣಕ್ಕೆ ಯಾರನ್ನೂ ಹೊರಗಿಡಲು ಅಲ್ಲಿ ಜಾಗವಿಲ್ಲ. ಸರ್ಕಾರದ ಅನುದಾನ ಅಥವಾ ಮಾನ್ಯತೆ ಪಡೆದ ಶಿಕ್ಷಣ ಸಂಸ್ಥೆಗಳು ತಾರತಮ್ಯವಿಲ್ಲದೆ ಸೇರಿಸಿಕೊಳ್ಳಬೇಕು ಎಂದು 2016ರ ಕಾಯ್ದೆಯ 16ನೇ ಕಲಂ ಹೇಳುತ್ತದೆ. ಯಾವ ಮಾನ್ಯತೆಯೂ ಇಲ್ಲದೆ ನಡೆಯುವ ಪ್ಲೇ ಹೋಮ್‌ಗಳನ್ನು ಈ ಕಲಂನಿಂದ ಹಿಡಿಯುವುದು ಕಷ್ಟ.

‘ಯುಡಿಐಡಿ ಕಾರ್ಡ್ ಇಲ್ಲದೆ ಅಂಗನವಾಡಿಗೆ ಸೇರಿಸಲಾಗದು’ ಎಂಬುದು ತಪ್ಪು ಮಾಹಿತಿ. ಕಾರ್ಡ್ ಬೇಕಾಗುವುದು ಮಾಸಾಶನ, ಬಸ್ ಪಾಸ್ ಮುಂತಾದ ಸೌಲಭ್ಯಗಳಿಗೆ. ಅದನ್ನು ಮಾಡಿಸಿಕೊಳ್ಳುವುದು ಒಳ್ಳೆಯದೇ, ಆದರೆ ಕಾರ್ಡ್ ಬರುವವರೆಗೆ ಮಗುವನ್ನು ಮನೆಯಲ್ಲಿ ಇಟ್ಟುಕೊಳ್ಳಬೇಕಾಗಿಲ್ಲ. ಅರ್ಜಿ ಹಾಕಲು ಗ್ರಾಮ ಪಂಚಾಯಿತಿಯಲ್ಲಿರುವ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ನೆರವಾಗುತ್ತಾರೆ. ಇವರೂ ಸಾಮಾನ್ಯವಾಗಿ ಅಂಗವಿಕಲತೆ ಇರುವವರೇ ಆಗಿರುವುದರಿಂದ ಯಾವ ಕಚೇರಿಯ ಯಾವ ಮೆಟ್ಟಿಲು ಎಷ್ಟು ಕಷ್ಟ ಎಂಬುದು ಅವರಿಗೆ ಚೆನ್ನಾಗಿ ಗೊತ್ತು. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಅಂಗವಿಕಲತೆ ಅಥವಾ ಬಹುವಿಧ ಅಂಗವಿಕಲತೆ ಇರುವವರಿಗೆ ರಾಷ್ಟ್ರೀಯ ನ್ಯಾಸದ ‘ನಿರಾಮಯ’ ಆರೋಗ್ಯ ವಿಮೆ 1 ಲಕ್ಷ ರೂಪಾಯಿವರೆಗೆ ಇದೆ. ಥೆರಪಿಯ ಖರ್ಚಿಗೂ ಅದರಲ್ಲಿ ಪಾಲಿದೆ ಎಂಬುದು ಬಹಳ ಮಂದಿಗೆ ತಿಳಿದಿಲ್ಲ.

ಅಂಗನವಾಡಿಯಲ್ಲಿ ಸೇರಿಸಿಕೊಳ್ಳಲು ಒಪ್ಪದಿದ್ದರೆ ಜಗಳಕ್ಕೆ ನಿಲ್ಲುವ ಮೊದಲು ಆ ವಲಯದ ಮೇಲ್ವಿಚಾರಕಿಯನ್ನು ಭೇಟಿ ಮಾಡಿ. ಅಲ್ಲಿ ಆಗದಿದ್ದರೆ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಗೆ ಒಂದು ಪುಟದ ಅರ್ಜಿ ಬರೆದುಕೊಡಿ. ಮಗುವಿನ ಹೆಸರು, ಹುಟ್ಟಿದ ದಿನ, ಕೇಳಿದ ದಿನ, ಸಿಕ್ಕ ಉತ್ತರ ಇಷ್ಟಿದ್ದರೆ ಸಾಕು. ಸ್ವೀಕೃತಿಯ ಸೀಲು ಹಾಕಿಸಿಕೊಳ್ಳುವುದನ್ನು ಮರೆಯಬೇಡಿ. ಅದಕ್ಕೂ ಮೇಲೆ ಬೆಂಗಳೂರಿನಲ್ಲಿ ಅಂಗವಿಕಲ ವ್ಯಕ್ತಿಗಳ ಅಧಿನಿಯಮದ ರಾಜ್ಯ ಆಯುಕ್ತರ ಕಚೇರಿ ಇದೆ, ದೂರನ್ನು ಅಂಚೆಯಲ್ಲೂ ಕಳಿಸಬಹುದು.

ಸೇರಿಸಿದ ಮೊದಲ ತಿಂಗಳು ಮಗು ಅಳುತ್ತದೆ, ಸೀನುತ್ತದೆ, ಎರಡು ದಿನ ಹೋಗಿ ಮೂರು ದಿನ ತಪ್ಪಿಸುತ್ತದೆ. ಅದು ಎಲ್ಲ ಮಕ್ಕಳ ಕಥೆ. ಮೊದಲ ದಿನವೇ ಒಂದು ನೋಟ್‌ಬುಕ್ಕಿನಲ್ಲಿ ಮಗು ಆಗ ಏನೇನು ಮಾಡುತ್ತದೆ ಎಂದು ಬರೆದಿಡಿ: ಎಷ್ಟು ಹೊತ್ತು ಕೂರುತ್ತಾಳೆ, ಎಷ್ಟು ಪದ, ಎಷ್ಟು ಸನ್ನೆ, ಯಾರ ಕೈಯಿಂದ ತಿನ್ನುತ್ತಾಳೆ. ಮೂರು ತಿಂಗಳ ನಂತರ ಅದೇ ಪುಟದ ಪಕ್ಕದಲ್ಲಿ ಮತ್ತೆ ಬರೆಯಿರಿ. ಜಿಲ್ಲಾ ಕೇಂದ್ರದ ಥೆರಪಿಸ್ಟ್ ಬಳಿ ಹೋಗುವಾಗ ಆ ನೋಟ್‌ಬುಕ್ ಜೊತೆಗಿರಲಿ. ಐದು ನಿಮಿಷದ ಭೇಟಿಯಲ್ಲಿ ಅವರು ಮೊದಲು ಕೇಳುವುದು ಅದನ್ನೇ.